ಸಾವಿರ ಅಡಿ ಆಳದ ನೀರಿಗೆ ಎಷ್ಟು ಕಲ್ಲಿದ್ದಲು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹವಾಮಾನ ಬದಲಾವಣೆ ಬಗ್ಗೆ ನಿಮ್ಮ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೀರಿನ ಸುತ್ತಲೇ ಇವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಹವಾಮಾನದ ಪೆಟ್ಟು ಮೊದಲು ಬೀಳುವುದು ನೀರಿನ ಮೇಲೆಯೇ. ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಟಿವಿಯಲ್ಲಿ ಹಿಮ ಕರಗುವುದು, ಸಮುದ್ರ ಉಕ್ಕುವುದನ್ನು ತೋರಿಸುತ್ತಾರೆ. ನಮ್ಮ ಕಡೆ ಹಿಮವೂ ಇಲ್ಲ, ಸಮುದ್ರವೂ ಇಲ್ಲ. ಹೊಗೆ ಬಿಡುವವರು ದೊಡ್ಡ ದೊಡ್ಡ ಫ್ಯಾಕ್ಟರಿಯವರು. ನಾವು ಮಾಡುವಂಥದ್ದು ಏನಾದರೂ ಇದೆಯೇ?
– ರೈತರು, ಮಾಲೂರು ತಾಲ್ಲೂಕು

ಇದೆ. ಅದು ನಿಮ್ಮ ಕೊಳವೆಬಾವಿಯಲ್ಲೇ ಇದೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಳೆ ಬಂದಾಗ ಒಮ್ಮೆಗೇ ಸುರಿಯುತ್ತದೆ, ಎರಡು ಮಳೆಗಳ ನಡುವಿನ ಬಿಡುವೂ ಉದ್ದವಾಗುತ್ತದೆ. 2021ರ ನವೆಂಬರ್‌ನಲ್ಲಿ ಕಟಾವಿಗೆ ಬಂದ ರಾಗಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳಕೆಯೊಡೆದದ್ದು ನಿಮಗೆ ನೆನಪಿರಬೇಕು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಒಂದೇ ಊರಿನಲ್ಲಿ ಕೆರೆ ಕೋಡಿ ಹರಿಯುವುದು, ಟ್ಯಾಂಕರ್ ಬರುವುದು ಎರಡನ್ನೂ ಹೀಗೆ ಒಂದರ ಹಿಂದೊಂದು ನೋಡುತ್ತಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಮೇಲೆತ್ತಲು, ಏನೂ ಪೋಲಾಗದಿದ್ದರೆ, ಬೇಕಾದ ಶಕ್ತಿ 0.8 ಯೂನಿಟ್‌ನಷ್ಟು. ಆದರೆ ಮೋಟರ್, ಪಂಪು, ಪೈಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗುವುದರಿಂದ ನಿಜವಾಗಿ ಖರ್ಚಾಗುವುದು 2 ಯೂನಿಟ್. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಸಾವಿರ ಲೀಟರಿಗೆ 1.4 ಕೆ.ಜಿ. 10 ಎಚ್‌ಪಿ ಮೋಟರ್ ದಿನಕ್ಕೆ 6 ಗಂಟೆಯಂತೆ ತಿಂಗಳಲ್ಲಿ 25 ದಿನ ಓಡಿದರೆ 1,400 ಯೂನಿಟ್, ಹೊಗೆ ಒಂದು ಟನ್. ತಿಂಗಳಿಗೆ 200 ಯೂನಿಟ್ ಉರಿಸುವ ಏಳು ಮನೆಗಳ ಲೆಕ್ಕ ಒಂದು ಮೋಟರಿನದು. ಕರೆಂಟು ರೈತನಿಗೆ ಉಚಿತ, ರಾಯಚೂರು, ಬಳ್ಳಾರಿಯ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲು ಉಚಿತವಲ್ಲ.

ಇದು ರೈತರ ಮೇಲೆ ತಪ್ಪು ಹೊರಿಸುವ ಮಾತಲ್ಲ. ನೀರು ಮೇಲೆ ಸಿಗುತ್ತಿದ್ದರೆ ಯಾರೂ ಸಾವಿರ ಅಡಿ ಕೊರೆಸುತ್ತಿರಲಿಲ್ಲ. ಬಿದ್ದ ಮಳೆಯನ್ನು ಮೇಲಿನ ಮೂವತ್ತು ನಲವತ್ತು ಅಡಿ ಮಣ್ಣಿನಲ್ಲಿ, ಕೆರೆ ಕುಂಟೆಯಲ್ಲಿ, ಸಂಪಿನಲ್ಲಿ ಹಿಡಿದಿಟ್ಟರೆ ನೀರೂ ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ. ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಹವಾಮಾನ ಕೆಲಸ ಇನ್ನೊಂದಿಲ್ಲ.

ನಾಳೆ ಬೆಳಿಗ್ಗೆಯೇ ಮಾಡಬಹುದಾದ್ದು ಒಂದಿದೆ. 200 ಲೀಟರಿನ ಡ್ರಮ್ಮನ್ನು ಡೆಲಿವರಿ ಪೈಪಿನ ಬಾಯಿಗಿಟ್ಟು, ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿ ಗೋಡೆಯ ಮೇಲೆ ಬರೆದಿಡಿ. ಮೇಲೆ ಹೇಳಿದ 10 ಎಚ್‌ಪಿ ಮೋಟರಿಗೆ ಮೂರು ನಿಮಿಷದ ಒಳಗೆ ತುಂಬಬೇಕು. ಪ್ರತಿ ತಿಂಗಳೂ ಅಳೆಯಿರಿ. ಬಾವಿಯಲ್ಲಿ ನೀರಿನ ಮಟ್ಟ ಇಳಿಯದೆ ಹೊತ್ತು ಮಾತ್ರ ಹೆಚ್ಚುತ್ತಾ ಹೋದರೆ ಒಳಗಿನ ಪೈಪಿನ ಜಾಯಿಂಟ್ ಸೋರುತ್ತಿದೆ, ಇಲ್ಲವೇ ಪಂಪಿನ ಇಂಪೆಲ್ಲರ್ ಸವೆದಿದೆ. ಮಧ್ಯೆ ಮಧ್ಯೆ ಗಾಳಿ ಬೆರೆತು ಉಗುಳುತ್ತಿದ್ದರೆ ಬಾವಿ ಕೊಡುವುದಕ್ಕಿಂತ ದೊಡ್ಡ ಪಂಪು ಇಳಿಸಿದ್ದೀರಿ ಎಂದರ್ಥ. ಅದು ನೀರನ್ನೂ ಹೆಚ್ಚಿಸುವುದಿಲ್ಲ, ಮೋಟರನ್ನೂ ಬಾಳಿಸುವುದಿಲ್ಲ.

ಬತ್ತಿದ ಕೊಳವೆಬಾವಿಯ ಸುತ್ತ ಗುಂಡಿ ತೋಡಿ ಕಲ್ಲು ತುಂಬಿ ಹೊಲದ ಮಳೆನೀರು ಬಿಟ್ಟೆವು. ಮೊದಲ ವರ್ಷ ಸ್ವಲ್ಪ ನೀರು ಬಂತು. ಈಗ ಗುಂಡಿಯಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ, ಮೋಟರ್ ಹಾಕಿದರೆ ಕೆಂಪು ಕೆಸರು ಬರುತ್ತದೆ. ತಪ್ಪಿದ್ದೆಲ್ಲಿ?
– ಮುಳಬಾಗಿಲು ತಾಲ್ಲೂಕು

ಹೂಳು ಒಳಗೆ ಹೋಗಿದೆ. ಮರುಪೂರಣದ ಗುಂಡಿಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಕೊಳವೆಬಾವಿಗೆ ನೀರು ಬರುವುದು ಬಂಡೆಯ ಸೀಳುಗಳಿಂದ. ಕೂದಲೆಳೆಯಷ್ಟು ಸಣ್ಣ ಸೀಳಿಗೆ ಒಮ್ಮೆ ಜೇಡಿ ಸೇರಿಕೊಂಡರೆ ಅದನ್ನು ಹೊರತೆಗೆಯುವುದು ಬಹಳ ಕಷ್ಟ. ಆದ್ದರಿಂದ ಈ ಕೆಲಸದಲ್ಲಿ ಗುಂಡಿಗಿಂತ ಅದಕ್ಕೂ ಮುಂಚಿನ ತೊಟ್ಟಿಯೇ ಮುಖ್ಯ. ನೀವು ಬರೆದಿರುವುದರಲ್ಲಿ ಅದರ ಸುದ್ದಿಯೇ ಇಲ್ಲ.

ಮೊದಲು ಬಾವಿಗೆ ಜೀವ ಇದೆಯೋ ನೋಡಿ. ಕಂಪ್ರೆಸರ್ ತರಿಸಿ ಫ್ಲಶಿಂಗ್ ಮಾಡಿಸಿ, ತಿಳಿನೀರು ಬರುವವರೆಗೆ. ಆಮೇಲೆ ಒಂದು ಟ್ಯಾಂಕರ್ ಶುದ್ಧ ನೀರನ್ನು ಕೇಸಿಂಗ್ ಪೈಪಿಗೆ ಬಿಡಿ. ಗಂಟೆ ಎರಡು ಗಂಟೆಯಲ್ಲಿ ಇಳಿದುಹೋದರೆ ಬಾವಿ ನೀರು ಕುಡಿಯುತ್ತದೆ, ಖರ್ಚು ಮಾಡಬಹುದು. ಮಾರನೇ ದಿನವೂ ಅಲ್ಲೇ ನಿಂತಿದ್ದರೆ ಆ ಬಾವಿಯನ್ನು ಬಿಡಿ, ಅದೇ ಹಣದಲ್ಲಿ ಹೊಲದ ತಗ್ಗಿನಲ್ಲಿ ಒಂದು ಕುಂಟೆ ತೋಡಿಸಿ. ಬಿಟ್ಟ ಬಾವಿಯ ಬಾಯಿಗೆ ಕಬ್ಬಿಣದ ತಟ್ಟೆ ವೆಲ್ಡ್ ಮಾಡಿಸದೆ ಹಿಂದಿರುಗಬೇಡಿ. ಕಲ್ಲು, ಗೋಣಿಚೀಲ ಮುಚ್ಚಿದರೆ ಸಾಲದು. ಮಕ್ಕಳು ಓಡಾಡುವ ಜಾಗ.

ಬಾವಿ ನೀರು ಕುಡಿಯುತ್ತಿದ್ದರೆ ಗುಂಡಿಯ ಕಲ್ಲನ್ನೆಲ್ಲ ತೆಗೆದು ಹೊಸದಾಗಿ ಕಟ್ಟಬೇಕು. ಕೇಸಿಂಗ್ ನಟ್ಟನಡುವೆ ಬರುವಂತೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ. ತಳದಿಂದ ಅರ್ಧ ಅಡಿ ಬಿಟ್ಟು ಮೇಲಕ್ಕೆ ಮೂರು ನಾಲ್ಕು ಅಡಿವರೆಗೆ ಕೇಸಿಂಗ್ ಪೈಪಿನ ಸುತ್ತ ಸಣ್ಣ ರಂಧ್ರಗಳಿರಬೇಕು. ರಂಧ್ರ ಕೊರೆಯುವ ಮೊದಲು ಮೋಟರನ್ನು ಪೂರ್ತಿ ಎತ್ತಿ ಹೊರಗಿಡಿ. ಕೊರೆದ ಚೂರು ಒಳಗೆ ಬಿದ್ದರೆ ಮೋಟರ್ ಸಿಕ್ಕಿಕೊಂಡು ಮೇಲೆ ಬರುವುದೇ ಇಲ್ಲ. ರಂಧ್ರವಿರುವ ಭಾಗಕ್ಕೆ ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಮೇಲೆ ಕೆಳಗೆ ನಡುವೆ ತಂತಿ ಕಟ್ಟಿ. ಮೂಲೆಯಲ್ಲಿ ಒಂದು ಬೆರಳು ತೂರುವಷ್ಟು ಸಂದಿ ಉಳಿದರೂ ಹೂಳು ಹುಡುಕಿಕೊಂಡು ಬರುವುದು ಅಲ್ಲಿಗೇ.

ತುಂಬುವಾಗ ತಳಕ್ಕೆ ನಾಲ್ಕೂವರೆ ಅಡಿ ಎತ್ತರದವರೆಗೆ ದಪ್ಪ ಕಲ್ಲು, ಅದರ ಮೇಲೆ 2 ಅಡಿ 40 ಮಿ.ಮೀ. ಜಲ್ಲಿ, 1 ಅಡಿ 20 ಮಿ.ಮೀ. ಜಲ್ಲಿ, ಅಲ್ಲಿ ಮತ್ತೊಂದು ಜಾಲರಿ ಹಾಸಿ, ಮೇಲೆ 1 ಅಡಿ ತೊಳೆದ ಮರಳು. ಉಳಿದ ಒಂದೂವರೆ ಅಡಿ ನೀರು ನಿಲ್ಲಲು ಖಾಲಿ. ಕಲ್ಲುಗಳನ್ನು ಟಿಪ್ಪರಿನಿಂದ ನೇರ ಸುರಿಸಬೇಡಿ, ಕೇಸಿಂಗ್ ಒಡೆಯುತ್ತದೆ ಅಥವಾ ವಾಲುತ್ತದೆ. ಕೈಯಲ್ಲಿ ಇಳಿಸಿ. ಹೀಗೆ ತುಂಬಿದ ಗುಂಡಿಯ ಸಂದುಗಳಲ್ಲಿ ಒಂದು ಸಲಕ್ಕೆ ಹತ್ತು ಸಾವಿರ ಲೀಟರ್ ನೀರು ನಿಲ್ಲುತ್ತದೆ.

ಇನ್ನು ಆ ತೊಟ್ಟಿ. ಗುಂಡಿಗೆ ಹತ್ತು ಅಡಿ ದೂರದಲ್ಲಿ, ನೀರು ಬರುವ ದಿಕ್ಕಿಗೆ, 6 ಅಡಿ ಚೌಕ, 5 ಅಡಿ ಆಳ. ನಡುವೆ ಒಂದು ಅಡ್ಡಗೋಡೆ ಕಟ್ಟಿದರೆ ನೀರಿನ ವೇಗ ಅಲ್ಲಿ ಮುರಿದು ಹೂಳು ತಳ ಹಿಡಿಯುತ್ತದೆ, ತಿಳಿನೀರು ಮಾತ್ರ ಮೇಲಿನ ಪೈಪಿನಿಂದ ಗುಂಡಿಗೆ ಹೋಗುತ್ತದೆ. ವರ್ಷದ ಮೊದಲ ಒಂದೆರಡು ಮಳೆಯನ್ನು ಬದಿಗೆ ಹೊರಳಿಸಿ. ಪ್ರತಿ ಮೇ ತಿಂಗಳಲ್ಲಿ ತೊಟ್ಟಿಯ ಹೂಳು ತೆಗೆದು, ಗುಂಡಿಯ ಮೇಲಿನ ನಾಲ್ಕು ಬೆರಳು ಮರಳನ್ನು ಕೆರೆದು ಹೊಸ ಮರಳು ಹಾಕಿ. ಟೊಮೆಟೊ ತೋಟದಿಂದ, ಕೊಟ್ಟಿಗೆಯಿಂದ, ತಿಪ್ಪೆಯ ಪಕ್ಕದಿಂದ ಹರಿದುಬರುವ ನೀರನ್ನು ಎಂದೂ ಒಳಗೆ ಬಿಡಬೇಡಿ. ಔಷಧಿ, ಗೊಬ್ಬರ ಒಮ್ಮೆ ಅಂತರ್ಜಲಕ್ಕೆ ಇಳಿದರೆ ಹಿಂದಕ್ಕೆ ಕರೆಯಲಾಗದು, ಅದೇ ನೀರು ಪಕ್ಕದ ಮನೆಯವರ ಕುಡಿಯುವ ನೀರು.

ನಮ್ಮೂರಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲೆಲ್ಲ ಹಳದಿ ಕಲೆ. ಕುದಿಸಿ ಕುಡಿದರೆ ಸಾಕೇ? ಮಳೆನೀರು ಕುಡಿಯಬಹುದು ಅನ್ನುತ್ತಾರೆ, ವರ್ಷಪೂರ್ತಿ ಸಾಲುತ್ತದೆಯೇ?
– ಗೃಹಿಣಿ, ಪಾವಗಡ ತಾಲ್ಲೂಕು

ಕುದಿಸಬೇಡಿ ಅಮ್ಮ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಬಂಡೆಯೊಳಗೆ ಬಹುಕಾಲ ನಿಂತ ಆಳದ ನೀರಿನಲ್ಲಿ ಅದು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಸಾಲುತ್ತದೆಯೇ ಎಂಬುದಕ್ಕೆ ಸುಲಭ ಲೆಕ್ಕವಿದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮನೆ ತಾರಸಿ 600 ಚದರಡಿ ಇದ್ದರೆ 56 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದಿಟ್ಟುಕೊಂಡು, ಐದರಲ್ಲಿ ಒಂದು ಪಾಲು ಪೋಲು ಕಳೆದರೂ 22 ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು, ವರ್ಷಕ್ಕೆ 9 ಸಾವಿರ ಚಿಲ್ಲರೆ. ಆದ್ದರಿಂದ 10 ಸಾವಿರ ಲೀಟರಿನ ಸಂಪು ಒಂದಿದ್ದರೆ ನೀವು ವರ್ಷಪೂರ್ತಿ ಮಳೆನೀರನ್ನೇ ಕುಡಿಯಬಹುದು. ಪಾತ್ರೆ, ಬಟ್ಟೆ ತೊಳೆಯಲು ಈ ನೀರು ಮುಟ್ಟಬೇಡಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಸೂರು ತೊಳೆದ ಮೊದಲ ನೀರನ್ನು ಹೊರಗೆ ಬಿಡದಿರುವುದು. ಇಳಿಪೈಪಿಗೆ ಒಂದು ಟಿ ಜೋಡಿಸಿ ತುದಿಗೆ ಮುಚ್ಚಳದ ಪೈಪು ಇಳಿಬಿಡಿ. ದೊಡ್ಡ ಬಿಡುವಿನ ನಂತರ ಬರುವ ಮಳೆಯಲ್ಲಿ ನಿಮ್ಮ ತಾರಸಿಯಿಂದ ನೂರು ಲೀಟರಾದರೂ ಹೊರಹೋಗಬೇಕು, ಹಕ್ಕಿಯ ಹಿಕ್ಕೆ, ಧೂಳು ಎಲ್ಲ ಅದರಲ್ಲೇ ಇರುತ್ತದೆ. ಎರಡನೆಯದು ಬೆಳಕು. ಸಂಪಿನ ಮುಚ್ಚಳದ ಸಂದಿಯಿಂದ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಕತ್ತಲಲ್ಲಿಟ್ಟ ಮಳೆನೀರು ತಿಂಗಳುಗಟ್ಟಲೆ ಹಾಳಾಗುವುದಿಲ್ಲ. ಗಾಳಿಪೈಪು, ಕೋಡಿ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಸಂಪಿಗೆ ಮುಂಚೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ ಇರಲಿ. ಮಳೆಗಾಲ ಮುಗಿದ ಮೇಲೆ ಸಾವಿರ ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸಂಪಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ತೆರೆದು ಇಟ್ಟಿದ್ದ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ನಿಮ್ಮದು ಸಿಮೆಂಟ್ ಶೀಟಿನ ಸೂರಾದರೆ ಆ ನೀರು ಕುಡಿಯಲು ಬೇಡ, ಗಿಡಕ್ಕಿರಲಿ.

ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂದಿದೆ. ಕುಡಿಯಬಹುದೇ?
– ಕೋಲಾರ ತಾಲ್ಲೂಕು

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾದ ಈ ಯೋಜನೆಯಲ್ಲಿ ಬರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು. ಅಂತರ್ಜಲ ಏರಲು ಅದರಿಂದ ನೆರವಾಗಿದೆ. ಕೆರೆಯ ನೀರನ್ನು ನೇರವಾಗಿ ಕುಡಿಯಬಾರದು. ಕೆರೆಯ ಅಕ್ಕಪಕ್ಕದ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಕೊಳಚೆ ಬೆರೆತಿರುವುದರ ಗುರುತಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಲೇಬಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಮಾಡಿಸಿ. ನೈಟ್ರೇಟ್ ಹೆಚ್ಚಿರುವ ನೀರು ಎಳೆಗೂಸುಗಳಿಗೆ ಅಪಾಯ, ಇದೂ ಕುದಿಸಿದರೆ ಹೋಗುವಂಥದ್ದಲ್ಲ.

ನಾಲ್ಕು ಸೀಮೆಹಸು ಇವೆ. ಹಳೆಯ ಗೋಬರ್ ಗ್ಯಾಸ್ ಇದೆ, ಎರಡು ವರ್ಷದಿಂದ ಉರಿ ಸರಿಯಾಗಿ ಬರದೆ ಬಿಟ್ಟಿದ್ದೇವೆ. ಸಿಲಿಂಡರೇ ಸುಲಭ ಅನ್ನಿಸುತ್ತದೆ. ಮತ್ತೆ ಶುರು ಮಾಡುವುದರಿಂದ ನಿಜವಾಗಿ ಲಾಭವಿದೆಯೇ?
– ಹಾಲು ಉತ್ಪಾದಕರು, ಚಿಂತಾಮಣಿ ತಾಲ್ಲೂಕು

ನಾಲ್ಕು ಸೀಮೆಹಸು ಇರುವ ಮನೆ ಸಿಲಿಂಡರ್ ಕೊಳ್ಳುವುದು ಬೇಸರದ ಸಂಗತಿ. ನಿಮ್ಮ ಕೊಟ್ಟಿಗೆಯಲ್ಲಿ ದಿನಕ್ಕೆ 50 ಕೆ.ಜಿ. ಸಗಣಿಗೆ ಕೊರತೆಯಿಲ್ಲ. 2 ಘನ ಮೀಟರ್ ಸ್ಥಾವರಕ್ಕೆ ಅದು ಸರಿಯಾದ ಮೇವು. ಅದರಿಂದ ದಿನಕ್ಕೆ 800 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮನಾದ ಉರಿ ಸಿಗುತ್ತದೆ. 14.2 ಕೆ.ಜಿ. ಸಿಲಿಂಡರ್ ಒಂದು ಉರಿದರೆ 42 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದು ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚು ಜನ ಗಮನಿಸುವುದಿಲ್ಲ: ಹಸಿ ಸಗಣಿಯನ್ನು ತಿಪ್ಪೆಯಲ್ಲಿ ಗುಡ್ಡೆ ಹಾಕಿದರೆ ಗಾಳಿಯಾಡದ ಒಳಭಾಗದಲ್ಲಿ ಮೀಥೇನ್ ಹುಟ್ಟಿ ಹೊರಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಅದನ್ನೇ ಒಲೆಯಲ್ಲಿ ಉರಿಸಿದರೆ ಆ ಕಾಟ ಅಲ್ಲೇ ಮುಗಿಯಿತು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ 1987ರಲ್ಲಿಯೇ ಊರಿನ ಸಗಣಿಯಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿದ್ದರು, ಭಾರತೀಯ ವಿಜ್ಞಾನ ಸಂಸ್ಥೆಯವರ ನೆರವಿನಿಂದ. ನಮ್ಮ ನೆಲಕ್ಕೆ ಇದು ಹೊಸದೇನಲ್ಲ.

ಈಗ ನಿಮ್ಮ ಸ್ಥಾವರದ ರೋಗ. ಉರಿ ಕುಣಿಯುತ್ತಾ ಪುಸ್ ಪುಸ್ ಎಂದು ಆರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ಅನಿಲದ ಜೊತೆ ಬರುವ ಆವಿ ತಣಿದು ತಗ್ಗಿನಲ್ಲಿ ಸೇರುತ್ತದೆ. ತಗ್ಗಿನ ಜಾಗದಲ್ಲಿ ಒಂದು ಟಿ, ಒಂದು ನಲ್ಲಿ ಹಾಕಿಸಿ ವಾರಕ್ಕೊಮ್ಮೆ ಬಿಡಿ. ಅನಿಲವೇ ಕಡಿಮೆ ಇದ್ದರೆ ಎಲ್ಲ ಜಾಯಿಂಟು, ಗುಮ್ಮಟದ ಕುತ್ತಿಗೆ, ವಾಲ್ವಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಏಳುವಲ್ಲಿ ಸೋರುತ್ತಿದೆ. ಕಡ್ಡಿ ಗೀರಿ ಪರೀಕ್ಷಿಸಲು ಹೋಗಬೇಡಿ. ಸ್ಥಾವರದೊಳಗೆ ಯಾರನ್ನೂ ಇಳಿಸಬೇಡಿ, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ.

ಎಲ್ಲ ಸರಿಯಿದ್ದೂ ಅನಿಲ ಬಾರದಿದ್ದರೆ ಕೊಟ್ಟಿಗೆ ತೊಳೆಯುವ ಫಿನಾಯಿಲ್, ಸೋಪು ನೀರು ಒಳಗೆ ಹೋಗುತ್ತಿದೆಯೇ ನೋಡಿ. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಹಾಲು ಕರೆಯುವ ಮೊದಲು ಕೆಚ್ಚಲು ತೊಳೆದ ಔಷಧದ ನೀರೂ ಹೋಗಬಾರದು. ಸಗಣಿ ಒಂದು ಬುಟ್ಟಿಗೆ ನೀರು ಅಷ್ಟೇ, ಒಂದಕ್ಕೊಂದು. ಪೈಪ್ ಹಿಡಿದು ತೊಳೆದ ನೀರೆಲ್ಲ ಹರಿದರೆ ಸಗಣಿ ಕೊಳೆಯುವ ಮೊದಲೇ ಹೊರಗೆ ಬಂದುಬಿಡುತ್ತದೆ. ಮತ್ತೆ ಶುರು ಮಾಡುವಾಗ ಪಕ್ಕದ ಚಾಲ್ತಿ ಸ್ಥಾವರದಿಂದ ನಾಲ್ಕೈದು ಬಿಂದಿಗೆ ಬಗ್ಗಡ ತಂದು ಬೆರೆಸಿ, ಹೆಪ್ಪು ಹಾಕಿದ ಹಾಗೆ. ಮೊದಮೊದಲು ಬರುವ ಅನಿಲ ಉರಿಯುವುದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಅದನ್ನು ಹೊರಗೆ ಬಿಟ್ಟು ಎರಡು ಮೂರು ವಾರ ಕಾಯಿರಿ. ಸಿಲಿಂಡರ್ ಒಲೆಗೆ ಇದನ್ನು ಹಾಗೇ ಜೋಡಿಸಿದರೆ ಉರಿ ಬಡವಾಗಿ ಕಾಣುತ್ತದೆ, ಗೋಬರ್ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು. ಹೊರಬಂದ ಬಗ್ಗಡವನ್ನು ಬಿಸಿಲಲ್ಲಿ ಬಿಡದೆ ನೆರಳಿನಲ್ಲಿ ಹುಲ್ಲು, ಎಲೆಯ ಜೊತೆ ಬೆರೆಸಿಟ್ಟರೆ ಹಿಪ್ಪುನೇರಳೆಗೆ, ರಾಗಿಗೆ ಒಳ್ಳೆಯ ಗೊಬ್ಬರ.

ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ ಸೊನ್ನೆ. ಹೀಗಿರುವಾಗ ಮನೆ ಮೇಲೆ ಸೋಲಾರ್ ಯಾಕೆ? ಇನ್ನೊಂದು, ಈ ಸಲ ಮಳೆ ತಡವಾದರೆ ರಾಗಿ ಬಿತ್ತುವುದೋ ಬೇಡವೋ?
– ಶಿರಾ

ನಿಮ್ಮ ಬಳಕೆ ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್‌ಗಳ ಒಳಗೇ ಇದ್ದರೆ ಸೋಲಾರಿಂದ ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ, ಇದನ್ನು ನೇರವಾಗಿಯೇ ಹೇಳಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ. ಅಂಥ ಮನೆಯವರು ಮೊದಲು ಫ್ಯಾನ್ ನೋಡಲಿ. ಹಳೆಯ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30. ಮೂರು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 40 ಯೂನಿಟ್ ಉಳಿತಾಯ. ಅದೂ ಸಾಲದವರಿಗೆ ಸೋಲಾರ್. ಒಂದು ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಬ್ಯಾಟರಿಯಿಲ್ಲದ ಈ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ, ಕಂಬದಲ್ಲಿ ಕೆಲಸ ಮಾಡುವವರ ಜೀವ ಕಾಯಲು. ಇದನ್ನು ಮೊದಲೇ ತಿಳಿಯದೆ ಆಮೇಲೆ ಜಗಳವಾಡುವವರು ಬಹಳ. ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆಯೇ ಕುಸಿಯಬಹುದು.

ರಾಗಿ ಖಂಡಿತ ಬಿತ್ತಿ, ತಳಿ ಬದಲಿಸಿ. ನಾಲ್ಕು ತಿಂಗಳ ಎಂ.ಆರ್.-6 ಅಂಥ ತಳಿ ಜುಲೈ ನಡುವಿನೊಳಗೆ ಬೀಳಬೇಕು. ಆಶ್ಲೇಷ ಮಳೆಯವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ಜಿಪಿಯು-28 ಆಗುತ್ತದೆ. ಅದೂ ತಪ್ಪಿದರೆ ಸುಮಾರು ನೂರು ದಿನದ ಜಿಪಿಯು-48. ಮಳೆ ನಂಬುವಂತಿಲ್ಲ ಎನ್ನಿಸಿದರೆ ಮನೆ ಪಕ್ಕ ಸಣ್ಣ ಮಡಿಯಲ್ಲಿ ಪೈರು ಹಾಕಿ, ಪಾತ್ರೆ ತೊಳೆಯುವ ಮುಂಚಿನ ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಾಯಿಸಿ. ಹದ ಮಳೆ ಬಿದ್ದ ದಿನ 21ರಿಂದ 25 ದಿನದ ಪೈರು ನಾಟಿ ಮಾಡಿದರೆ ಮೂರು ವಾರ ಗೆದ್ದಂತೆ. ಎಂಟು ಸಾಲಿಗೆ ಎರಡು ಸಾಲು ತೊಗರಿಯ ಅಕ್ಕಡಿ ಹಾಕುವುದನ್ನು ಮರೆಯಬೇಡಿ. ರಾಗಿ ಕೈಕೊಟ್ಟ ವರ್ಷ ಬೇರು ಆಳಕ್ಕೆ ಬಿಟ್ಟ ತೊಗರಿ ಹಿಂಗಾರಿನ ಒಂದು ಮಳೆಗೇ ಕಾಯಿ ಕಟ್ಟುತ್ತದೆ, ಉದುರಿದ ಎಲೆ ಮುಂದಿನ ರಾಗಿಗೆ ಗೊಬ್ಬರ. ಬಿತ್ತನೆಗೆ ಮುಂಚೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಒಡೆದ ಬದುಗಳನ್ನು ಕಟ್ಟಿಸಿ. ಗುಡುಗು ಮಳೆ ಅರ್ಧ ಗಂಟೆಯಲ್ಲಿ ಸುರಿಯುವ ಈ ಕಾಲದಲ್ಲಿ ನೀರು ಹೊಲದಲ್ಲಿ ನಿಲ್ಲುವುದೋ ರಸ್ತೆಗೆ ಹೋಗುವುದೋ ಎಂಬುದನ್ನು ತೀರ್ಮಾನಿಸುವುದು ಆ ಒಂದು ಅಡಿ ಎತ್ತರದ ಬದು.